ಕಾಂಗೋದ ಶಾಂತಿಗಾಗಿ ಮಡಿದ ಕ್ಯಾಪ್ಟನ್ ಸಲಾರಿಯಾ

ಲೋಕಶಾಂತಿಗಾಗಿ ಪ್ರಾರ್ಥಿಸುವುದು ನಮ್ಮ ಮನೆಗಳ ರೂಢಿ. ಆದರೆ ಪರನಾಡಿನ ಶಾಂತಿಗಾಗಿ ಪ್ರಾಣವನ್ನೇ ತೆತ್ತವರನ್ನು ನಾವು ನೆನೆಯುವುದು ಅಪರೂಪ. ಅಂಥವರಲ್ಲೊಬ್ಬರು ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ. ಹೆಡತಲೆ, ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಅವರ ಹೆಸರು ಕೇಳಿದವರು ಕಡಿಮೆಯಿರಬಹುದು. ಆದರೂ ಅವರ ಸೈನಿಕ ವಿದ್ಯಾಭ್ಯಾಸ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿಯೇ.

ಅವರು 1935ರ ನವೆಂಬರ್ 29ರಂದು ಅವಿಭಜಿತ ಪಂಜಾಬಿನ ಶಕರಗಢದ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ಮುನ್ಷಿ ರಾಮ್ ಸೈನಿಕರಾಗಿದ್ದವರು. ತಾಯಿ ಧನ್ ದೇವಿ. ಬೆಂಗಳೂರಿನ ಕಿಂಗ್ ಜಾರ್ಜ್ ಸೈನಿಕ ಶಾಲೆಗೆ ಸೇರಬಯಸಿದ ಬಾಲಕನನ್ನು ಎದೆಯಳತೆ ಸಾಲದೆಂದು ಮೊದಲು ಹಿಂದಕ್ಕೆ ಕಳುಹಿಸಲಾಯಿತು. ಎದೆಗುಂದದೆ ವ್ಯಾಯಾಮ ಮಾಡಿ ಆ ಕೊರತೆಯನ್ನು ನೀಗಿಕೊಂಡ ಅವರು 1946ರಲ್ಲಿ ಶಾಲೆಗೆ ಸೇರಿ, ಮರುವರ್ಷ ಜಲಂಧರಕ್ಕೆ ವರ್ಗವಾದರು. ದೇಶವಿಭಜನೆಯಿಂದ ಹುಟ್ಟೂರು ಪಾಕಿಸ್ತಾನದ ಪಾಲಾಯಿತು. ಮನೆಮಠ ಕಳೆದುಕೊಳ್ಳುವ ನೋವನ್ನು ಅವರು ಬಾಲ್ಯದಲ್ಲಿಯೇ ಕಂಡಿದ್ದರು. 1957ರಲ್ಲಿ ಸೇನಾಧಿಕಾರಿಯಾಗಿ, ಮುಂದೆ ಒಂದನೆಯ ಗೂರ್ಖಾ ರೈಫಲ್ಸ್‌ನ ಮೂರನೆಯ ಬೆಟಾಲಿಯನ್ನಿಗೆ ಸೇರಿದರು.

ಬೆಲ್ಜಿಯಂನ ಆಳ್ವಿಕೆಯಲ್ಲಿದ್ದ ಆಫ್ರಿಕದ ಕಾಂಗೋ 1960ರ ಜೂನ್ 30ರಂದು ಸ್ವತಂತ್ರವಾಯಿತು. ಕೆಲವೇ ದಿನಗಳಲ್ಲಿ, ತಾಮ್ರದ ಗಣಿಗಳಿಂದ ಶ್ರೀಮಂತವಾದ ಕಟಾಂಗ ಪ್ರಾಂತ್ಯವು ಪ್ರತ್ಯೇಕತೆಯನ್ನು ಸಾರಿತು. ಕೂಲಿಗಾಗಿ ಬಂದ ವಿದೇಶೀ ಸೈನಿಕರು ಅದರ ಬೆಂಬಲಕ್ಕೆ ನಿಂತರು. ಅಂತಃಕಲಹವನ್ನು ತಡೆಯಲು ವಿಶ್ವಸಂಸ್ಥೆಯು ಹಲವು ರಾಷ್ಟ್ರಗಳ ಪಡೆಗಳನ್ನು ಕಳುಹಿಸಿತು. 1961ರ ಮಾರ್ಚ್‌ನಲ್ಲಿ ಭಾರತವೂ ಒಂದು ಬ್ರಿಗೇಡನ್ನು ಕಳುಹಿಸಿದಾಗ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ, ಸಂಧಾನಕ್ಕೆ ಹೊರಟಿದ್ದ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ವಿಮಾನ ದುರಂತದಲ್ಲಿ ಮಡಿದರು.

ಡಿಸೆಂಬರ್ 5ರಂದು ಎಲಿಜಬೆತ್‌ವಿಲ್ ನಗರದಲ್ಲಿ, ಅಂದರೆ ಇಂದಿನ ಲುಬುಂಬಾಶಿಯಲ್ಲಿ, ವಿಮಾನ ನಿಲ್ದಾಣದ ದಾರಿಗೆ ಕಟಾಂಗದ ಪಡೆ ಹಾಕಿದ್ದ ತಡೆಯನ್ನು ತೆರವುಗೊಳಿಸಬೇಕಾಯಿತು. 16 ಮಂದಿ ಗೂರ್ಖಾ ಯೋಧರೊಡನೆ ಹೊರಟ ಸಲಾರಿಯಾ ಅವರಿಗೆ ಎದುರಾದವರು ಸುಮಾರು 90 ಮಂದಿ. ಜೊತೆಗೆ ಎರಡು ಕವಚವಾಹನಗಳು. ಅವೆರಡನ್ನೂ ನಾಶಪಡಿಸಿ, ಕುಕ್ರಿ ಹಿಡಿದ ಯೋಧರೊಡನೆ ಅವರು ಮುನ್ನುಗ್ಗಿದರು. ಕುತ್ತಿಗೆಗೆ ಗುಂಡು ತಗುಲಿದರೂ ಕುಸಿದುಬೀಳುವವರೆಗೆ ಹೋರಾಡಿದರು. ಎದುರಾಳಿಗಳು ಚದುರಿದರು, ವಿಶ್ವಸಂಸ್ಥೆಯ ಪ್ರಧಾನ ಕಚೇರಿಗೆ ಒದಗಿದ್ದ ಮುತ್ತಿಗೆಯ ಭೀತಿ ನೀಗಿತು. 26ರ ಹರೆಯದ ಆ ವೀರರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. 1963ರ ಜನವರಿಯಲ್ಲಿ ಕಟಾಂಗದ ಪ್ರತ್ಯೇಕತೆ ಕೊನೆಗೊಂಡಿತು.

ಅಂದು ಎದುರು ಪಕ್ಷದಲ್ಲಿ ಸುಮಾರು 40 ಮಂದಿ ಮಡಿದರೆಂಬುದನ್ನೂ ನಾವು ಮರೆಯಬಾರದು. ಅವರಿಗೂ ತಾಯಂದಿರಿದ್ದರು. ಶಾಂತಿಪಾಲನೆಗೆಂದು ಹೋದವರು ಆಯುಧವೆತ್ತಬೇಕಾಗಿ ಬಂದದ್ದು ಸಂಭ್ರಮದ ಸಂಗತಿಯಲ್ಲ. ಕಲಹವನ್ನು ಬೆಳೆಯಲು ಬಿಟ್ಟದ್ದಕ್ಕೆ ತೆತ್ತ ಬೆಲೆ ಅದು. 2023ರಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸರು ಕಾಂಗೋಗೆ ಭೇಟಿಯಿತ್ತಾಗಲೂ ಆ ನಾಡಿನ ಪೂರ್ವಭಾಗದಲ್ಲಿ ಕದನ ನಿಂತಿರಲಿಲ್ಲ. ನಮ್ಮ ಕುಟುಂಬಗಳು ಶಾಂತಿಗಾಗಿ ಪ್ರಾರ್ಥಿಸುವಾಗ ಕಾಂಗೋದ ಜನತೆಯನ್ನೂ, ಅವರಿಗಾಗಿ ಮಡಿದ ಸಲಾರಿಯಾ ಅವರನ್ನೂ ನೆನೆಯೋಣ.