ಹಬ್ಬಕ್ಕೂ ಊರಿಗೆ ಹೋಗದ ದೊಡ್ಡಸ್ವಾಮಿಯವರು

ಹಬ್ಬ ಬಂತೆಂದರೆ ಊರಿಗೆ ಹೋಗುವ ಆಸೆ ಯಾರಿಗಿಲ್ಲ ಹೇಳಿ? ಸಂಪಿಗೆ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳನ್ನು ಬಿಟ್ಟು ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹಬ್ಬದ ಹಿಂದಿನ ದಿನ ಬಸ್ಸಿನಲ್ಲಿ ನಿಂತುಕೊಂಡಾದರೂ ಮನೆ ಸೇರುತ್ತಾರೆ. ಒಂದು ಹಬ್ಬಕ್ಕೆ ಮಗ ಬರಲಿಲ್ಲವೆಂದರೆ ತಾಯಿಗೆ ಊಟ ರುಚಿಸುವುದಿಲ್ಲ. ಹೀಗಿರುವಾಗ ಮೂವತ್ತು ವರ್ಷ ಒಂದು ಕ್ರಿಸ್ಮಸ್ಸಿಗೂ ಒಂದು ಪಾಸ್ಖಕ್ಕೂ ತಾಯ್ನಾಡಿಗೆ ಹೋಗದೆ ಸೇವೆ ಮಾಡಿದ ಗುರುವೊಬ್ಬರ ಜೀವನವನ್ನು ನೆನೆಯೋಣ. ಅವರು ದುಡಿದದ್ದು ಈ ತೆಂಗಿನ ಸೀಮೆಗೆ ನೆರೆಯಾದ ಹಾಸನ, ಶ್ರೀರಂಗಪಟ್ಟಣ, ಮೈಸೂರುಗಳ ನೆಲದಲ್ಲೇ.

ಅವರೇ ಫ್ರಾನ್ಸಿನ ಜಾನ್ ಆಂತ್ವಾನ್ ದ್ಯುಬುವಾ. ಪುಸ್ತಕ ಓದುವವರಿಗೆ ಅಬ್ಬೆ ಡುಬಾಯ್ ಎಂದರೆ ಬೇಗ ಗುರುತು ಸಿಕ್ಕೀತು. ಅಬ್ಬೆ ಎಂಬುದು ಫ್ರೆಂಚರು ಗುರುಗಳನ್ನು ಗೌರವದಿಂದ ಕರೆಯುವ ಮಾತು. ನಮ್ಮ ಹಳೆಯ ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಇವರಿಗೆ ಎರಡು ಅರ್ಥವೂ ಒಪ್ಪುತ್ತದೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

1792ರಲ್ಲಿ ಅವರಿಗೆ ವಿವಿಯೇ ಧರ್ಮಪ್ರಾಂತ್ಯದಲ್ಲಿ ಗುರುದೀಕ್ಷೆಯಾಯಿತು. ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಗುರುವಾಗಿ ಭಾರತದ ಹಡಗು ಹತ್ತಿದರು. ಆ ಸಂಸ್ಥೆಯಿಂದ ಹೊರಟವರು ಮರಳಿ ಬರುವ ಆಸೆ ಇಟ್ಟುಕೊಳ್ಳುತ್ತಿರಲಿಲ್ಲ. ತಂದೆತಾಯಿಗಳಿಗೆ ಹೇಳುವ ವಿದಾಯವೇ ಕೊನೆಯ ವಿದಾಯ. ಇತ್ತ ಅವರು ನಮ್ಮ ನಾಡಿನಲ್ಲಿ ಹೆಜ್ಜೆಯೂರುತ್ತಿದ್ದಾಗ ಅತ್ತ ಫ್ರಾನ್ಸಿನಲ್ಲಿ ಕ್ರಾಂತಿಯ ಬಿರುಗಾಳಿ. 1793ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಕ್ರೈಸ್ತ ಪಂಚಾಂಗವನ್ನೇ ತೆಗೆದುಹಾಕಿತು. ಭಾನುವಾರವೂ ಇಲ್ಲ, ಸಂತರ ಹಬ್ಬಗಳೂ ಇಲ್ಲ. ನವೆಂಬರಿನಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯ ವಿಚಾರದೇವಿಯ ಮಂದಿರವಾಯಿತು. ಯೋಚಿಸಿ ನೋಡಿ: ಆ ವರ್ಷದ ಕ್ರಿಸ್ಮಸ್ಸಿಗೆ ಅವರು ಊರಿಗೆ ಹೋಗಿದ್ದರೂ ಎಷ್ಟೋ ದೇವಾಲಯಗಳಲ್ಲಿ ಬಾಗಿಲು ತೆರೆಯುವವರೇ ಇರಲಿಲ್ಲ.

ಮೊದಲ ಕೆಲವು ವರ್ಷ ಅವರು ಪಾಂಡಿಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಸೇವೆ ಮಾಡಿದರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಸೇರಿತು. ಆಗ ಮೈಸೂರು ಸೀಮೆಯ ಕ್ರೈಸ್ತ ಸಮುದಾಯ ಒಡೆದ ಮಡಕೆಯಂತಿತ್ತು. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದ ಸಾವಿರಾರು ಕ್ರೈಸ್ತರಲ್ಲಿ ಬಹಳ ಮಂದಿ ದಾರಿಯಲ್ಲೂ ಸೆರೆಯಲ್ಲೂ ಸತ್ತಿದ್ದರು. ಉಳಿದವರಲ್ಲಿ ಹಲವರು ಬಲವಂತಕ್ಕೆ ಸಿಕ್ಕಿ ಮತ ಬಿಟ್ಟಿದ್ದರು. ಮನೆಮಠ ಇಲ್ಲ, ಹೊಲಗದ್ದೆ ಇಲ್ಲ, ಬಲಿಪೂಜೆ ಅರ್ಪಿಸುವ ಗುರುಗಳೂ ಇಲ್ಲ. ಅಂಥವರ ನಡುವೆ ದ್ಯುಬುವಾ ಬಂದು ನಿಂತರು. ಮನೆ ಬಿಟ್ಟು ಬಂದ ಗುರು, ಮನೆ ಕಳೆದುಕೊಂಡ ಮಂದೆ!

ಅವರು ಬರೀ ಉಪದೇಶಕ್ಕೆ ನಿಲ್ಲಲಿಲ್ಲ. ಹೊಟ್ಟೆ ಹಸಿದವನಿಗೆ ಹಬ್ಬವೆಲ್ಲಿಯದು? ದಿಕ್ಕಿಲ್ಲದ ಕ್ರೈಸ್ತ ಕುಟುಂಬಗಳು ಉತ್ತು ಬಿತ್ತು ಬದುಕಲೆಂದು ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಬಳಿಯ ಸತ್ತಿಹಳ್ಳಿ ಅವುಗಳಲ್ಲಿ ಹೆಸರಾದದ್ದು. ಆಗ ಸಿಡುಬು ಬಂತೆಂದರೆ ಊರಿಗೆ ಊರೇ ನಡುಗುತ್ತಿತ್ತು. ಇಂಗ್ಲೆಂಡಿನ ಜೆನ್ನರ್ 1796ರಲ್ಲಿ ಕಂಡುಹಿಡಿದ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮರುವರ್ಷವೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸುವ ಕೆಲಸಕ್ಕೆ ಇಳಿದರು. 1803-04ರಲ್ಲಿ ಸುಮಾರು 25,000 ಜನರಿಗೆ ಲಸಿಕೆಯಾಯಿತು. ತನ್ನ ಮಗುವಿನ ತೋಳಿಗೆ ಗೀರು ಹಾಕಲು ಯಾವ ತಾಯಿ ಸುಲಭವಾಗಿ ಒಪ್ಪುತ್ತಾಳೆ? ನಂಬಿದ ಗುರುವಿನ ಮಾತಿಗೆ ಒಪ್ಪುತ್ತಾಳೆ.

ಆ ನಂಬಿಕೆಯನ್ನು ಅವರು ದಿನದಿನವೂ ಸಂಪಾದಿಸಿದ್ದರು. ನಿಲುವಂಗಿ ತೊಟ್ಟು, ತಲೆಗೆ ಪೇಟ ಸುತ್ತಿ, ಮಾಂಸ ಬಿಟ್ಟು, ಐರೋಪ್ಯರ ಸಹವಾಸ ದೂರಮಾಡಿ ನಮ್ಮ ಜನರಂತೆಯೇ ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಅವರ ಹೆಸರು ಲೋಕಕ್ಕೆ ತಿಳಿದದ್ದು ಹಿಂದೂ ಜನರ ನಡೆನುಡಿ, ಆಚಾರಗಳನ್ನು ಕುರಿತ ದೊಡ್ಡ ಗ್ರಂಥದಿಂದ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿಯನ್ನು 8,000 ರೂಪಾಯಿಗೆ ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗಕ್ಕೆ ಅವರಿಗಿಂತ ಹಿಂದೆ ಇದ್ದ ಯೇಸುಸಭೆಯ ಗುರು ಕೂರ್ದೂ ಅವರ ಬರಹವೇ ಆಧಾರವೆಂದು ಇತ್ತೀಚಿನ ವಿದ್ವಾಂಸರು ತೋರಿಸಿದ್ದಾರೆ. ಈ ನೆಲದ ಜನರ ಬಗ್ಗೆ ಅವರ ಕೆಲವು ಮಾತುಗಳು ಕಟುವೂ ಆಗಿವೆ. ದೊಡ್ಡವರನ್ನು ನೆನೆಯುವಾಗ ಇದನ್ನೂ ಮುಚ್ಚಿಡಬಾರದು.

ಇನ್ನೊಂದು ಸಂಗತಿ ಮನಸ್ಸನ್ನು ಹೆಚ್ಚು ಕಲಕುತ್ತದೆ. ಇಷ್ಟೆಲ್ಲ ದುಡಿದ ದ್ಯುಬುವಾ ಕೊನೆಗೆ ತಮ್ಮ ಮಿಷನ್ ಫಲ ಕೊಡಲಿಲ್ಲವೆಂದೇ ಭಾವಿಸಿದರು. 1823ರ ಜನವರಿಯಲ್ಲಿ ಭಾರತ ಬಿಟ್ಟು, ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ ಈ ದೇಶ ಕ್ರಿಸ್ತನನ್ನು ಸ್ವೀಕರಿಸುವ ಭರವಸೆ ತಮಗಿಲ್ಲವೆಂದು ಬಿಚ್ಚಿ ಬರೆದರು. ಫಲ ಕಾಣುವೆನೆಂಬ ಆಸೆ ಬತ್ತಿದರೂ ಅವರು ಮಂದೆಯನ್ನು ನಡುನೀರಿನಲ್ಲಿ ಕೈಬಿಟ್ಟಿರಲಿಲ್ಲ. 1822ರ ಕ್ರಿಸ್ಮಸ್ಸಿಗೂ ಅವರು ಭಾರತದಲ್ಲೇ ಇದ್ದರು. ಪ್ಯಾರಿಸಿನಲ್ಲಿ 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಗುರುಮಠದ ಶ್ರೇಷ್ಠರಾಗಿ, ತಮ್ಮಂತೆಯೇ ಮನೆ ತೊರೆದು ಹೊರಡುವ ತರುಣರನ್ನು ಸಿದ್ಧಗೊಳಿಸಿದರು. 1848ರ ಫೆಬ್ರವರಿ 17ರಂದು ಪ್ರಭುವಿನಲ್ಲಿ ಐಕ್ಯರಾದರು. ಅವರು ಫಲ ಕಾಣದೆ ಹೋದ ಸತ್ತಿಹಳ್ಳಿಯಲ್ಲಿ ಇಂದಿಗೂ ಕ್ರೈಸ್ತ ಕುಟುಂಬಗಳು ಬಾಳುತ್ತಿವೆ.

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದ ಸ್ವಾಮಿಯವರೂ ಶಾಲೆ ಆಸ್ಪತ್ರೆಗಳಲ್ಲಿ ದುಡಿಯುವ ಕನ್ಯಾಸ್ತ್ರೀಯರೂ ಎಲ್ಲಿಯವರು ಎಂದು ಎಂದಾದರೂ ಕೇಳಿದ್ದೀರಾ? ಬಹುಪಾಲು ಬೇರೆ ಊರಿನವರು. ನಡುರಾತ್ರಿಯ ಬಲಿಪೂಜೆ ಮುಗಿದು ನಾವು ಗೋದಲಿ ನೋಡಿ, ಕೈಕುಲುಕಿ, ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೊರಡುತ್ತೇವೆ. ಅವರು ದೀಪ ಆರಿಸಿ, ದೇವಾಲಯದ ಬಾಗಿಲು ಹಾಕುತ್ತಾರೆ. ಅವರ ತಾಯಿಯೂ ಎಲ್ಲೋ ಒಂದು ಊರಿನಲ್ಲಿ ಮಗನನ್ನೋ ಮಗಳನ್ನೋ ನೆನೆಯುತ್ತಿರುತ್ತಾಳೆ. ಈ ಸಲದ ಹಬ್ಬಕ್ಕೆ ಒಂದು ಎಲೆ ಹೆಚ್ಚು ಹಾಕಿ, ಅವರನ್ನು ಊಟಕ್ಕೆ ಕರೆಯಿರಿ. ಬರಲಾಗದಿದ್ದರೆ ಬುತ್ತಿ ಕಟ್ಟಿ ಮಕ್ಕಳ ಕೈಯಲ್ಲಿ ಕಳುಹಿಸಿ. ನಮಗಾಗಿ ಮನೆ ಬಿಟ್ಟು ಬಂದವರಿಗೆ ನಮ್ಮ ಮನೆ ತೆರೆದಿರಲಿ.