ಕೂಫಾ ಪೇಟೆಯ ಬಟ್ಟೆ ವ್ಯಾಪಾರಿ

ಒಂದೇ ಸೂರಿನಡಿ ಸಾಲಾಗಿರುವ ಬಟ್ಟೆ ಅಂಗಡಿಗಳನ್ನು ನೀವು ನೋಡಿಯೇ ಇರುತ್ತೀರಿ. ಅಂಗಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು. ಮಾಲೂ ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ಗಿರಾಕಿಯು ಹತ್ತು ಅಂಗಡಿಗಳನ್ನು ದಾಟಿ ಹನ್ನೊಂದನೆಯದಕ್ಕೇ ಏಕೆ ಬರಬೇಕು? ಸಣ್ಣ ವ್ಯಾಪಾರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಒಬ್ಬ ಗಂಟಲು ಹರಿಯುವಂತೆ ಕೂಗಿ ಕರೆಯುತ್ತಾನೆ. ಇನ್ನೊಬ್ಬ ದಾರಿಹೋಕರ ಕೈ ಹಿಡಿದು ಎಳೆಯುತ್ತಾನೆ. ಮತ್ತೊಬ್ಬ ನೆರೆಯವನ ಮಾಲನ್ನು ಹಳಿಯುತ್ತಾನೆ. ಸಂಜೆ ಬರಿಗೈಯಲ್ಲಿ ಮನೆಗೆ ಹೋಗುವ ಭಯ ಮನುಷ್ಯನಿಂದ ಏನನ್ನೂ ಮಾಡಿಸುತ್ತದೆ.

ಪ್ರಿಯ ಓದುಗರೇ, ಇಂತಹ ಒಂದು ಕಟ್ಟಡದೊಳಗೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬರ ಜೀವನವನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ನಿಮಗೆ ಗೊತ್ತು. ನಮ್ಮ ಕರಾವಳಿಯಲ್ಲಿ ಶಾಫಿಈ ಮದ್‌ಹಬ್‌ನವರು ಹೆಚ್ಚು. ಘಟ್ಟದ ಮೇಲಿನ ಮುಸ್ಲಿಮರಲ್ಲಿ ಹೆಚ್ಚಿನವರು ನಮಾಝ್, ವುಝೂ, ಝಕಾತ್‌ಗಳಲ್ಲಿ ಅನುಸರಿಸುವುದು ಈ ವ್ಯಾಪಾರಿಯ ತೀರ್ಮಾನಗಳನ್ನೇ. ಅವರು ಇಮಾಮ್ ಅಬೂ ಹನೀಫಾ(ರ). ನಮ್ಮ ಭಾಷಣಕಾರರು ಇಮಾಮರ ಪಾಂಡಿತ್ಯವನ್ನು ಗಂಟೆಗಟ್ಟಲೆ ವರ್ಣಿಸುತ್ತಾರೆ. ಆದರೆ ಅವರ ಅಂಗಡಿಯ ಬಾಗಿಲಿಗೆ ನಮ್ಮನ್ನು ಕರೆದೊಯ್ಯುವವರು ಕಡಿಮೆ.

ಅವರ ನಿಜನಾಮ ನುಅಮಾನ್ ಬಿನ್ ಸಾಬಿತ್. ಹಿಜ್ರಿ ಶಕ 80ರಲ್ಲಿ, ಅಂದರೆ ಕ್ರಿ.ಶ. 699ರಲ್ಲಿ, ಇರಾಕಿನ ಕೂಫಾದಲ್ಲಿ ಜನಿಸಿದರು. ಕೂಫಾ ಆಗ ಇನ್ನೂ ಹೊಸ ನಗರ. ಉಮರ್(ರ)ರ ಆಡಳಿತ ಕಾಲದಲ್ಲಿ ಸೈನಿಕರ ಬಿಡಾರವಾಗಿ ಹುಟ್ಟಿದ ಊರದು. ಆರಂಭದಲ್ಲಿ ಅಲ್ಲಿನ ಪೇಟೆಗೆ ಗೋಡೆಯಿರಲಿಲ್ಲ, ಬಾಡಿಗೆಯೂ ಇರಲಿಲ್ಲ. ಮಸೀದಿಯಲ್ಲಿ ಮೊದಲು ಬಂದವನಿಗೆ ಮೊದಲ ಸಾಲು ಸಿಗುವಂತೆ, ಪೇಟೆಯಲ್ಲೂ ಮೊದಲು ಬಂದು ಕುಳಿತವನಿಗೆ ಆ ದಿನದ ಮಟ್ಟಿಗೆ ಆ ಜಾಗ. ನೆರಳಿಗೆ ಚಾಪೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ಕ್ರಿ.ಶ. 724ರಿಂದ 738ರ ತನಕ ಇರಾಕಿನ ರಾಜ್ಯಪಾಲನಾಗಿದ್ದ ಖಾಲಿದ್ ಅಲ್ ಖಸ್ರೀ ಅಲ್ಲಿ ಮಳಿಗೆಗಳನ್ನು ಕಟ್ಟಿಸಿ, ಅವುಗಳ ಮೇಲೆ ಸುಟ್ಟ ಇಟ್ಟಿಗೆ ಮತ್ತು ಗಾರೆಯ ಕಮಾನು ಛಾವಣಿ ಹಾಕಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಅಬೂ ಹನೀಫಾರ ಯೌವನ ಕಳೆದದ್ದು ಈ ಬದಲಾವಣೆಯ ಕಾಲದಲ್ಲಿ.

ಅವರದು ವ್ಯಾಪಾರಿ ಮನೆತನ. ಅವರು ಮಾರುತ್ತಿದ್ದುದು ರೇಷ್ಮೆ ಮತ್ತು ಉಣ್ಣೆಯನ್ನು ಬೆರೆಸಿ ನೇಯುವ, ಖಝ್ಝ್ ಎಂಬ ಬೆಲೆಬಾಳುವ ಬಟ್ಟೆ. ಅಂಗಡಿಯಿದ್ದುದು ಅಮ್ರ್ ಬಿನ್ ಹುರೈಸ್(ರ)ರ ಹೆಸರಿನ ದೊಡ್ಡ ಕಟ್ಟಡದಲ್ಲಿ. ಯುವಕ ನುಅಮಾನ್ ಮೂರು ಹೊತ್ತೂ ಪೇಟೆಯಲ್ಲೇ ಇರುತ್ತಿದ್ದರು. ಒಮ್ಮೆ ದಾರಿಯಲ್ಲಿ ಸಿಕ್ಕಿದ ವಿದ್ವಾಂಸ ಶಅಬೀಯವರು ಅವರ ಚುರುಕುತನವನ್ನು ಕಂಡು, ವಿದ್ವಾಂಸರ ಬಳಿಗೂ ಹೋಗುವಂತೆ ಬುದ್ಧಿ ಹೇಳಿದರು. ಆ ಮಾತು ನಾಟಿತು. ಮುಂದೆ ಹಮ್ಮಾದ್ ಬಿನ್ ಅಬೀ ಸುಲೈಮಾನರ ಬಳಿ ಹದಿನೆಂಟು ವರ್ಷ ಕಲಿತು, ಗುರುಗಳ ಮರಣಾನಂತರ ಅವರ ಪೀಠದಲ್ಲಿ ಕುಳಿತರು. ಆದರೆ ಅಂಗಡಿಯನ್ನು ಮುಚ್ಚಲಿಲ್ಲ. ಪಾಲುದಾರರನ್ನಿಟ್ಟುಕೊಂಡು ವ್ಯಾಪಾರ ಮುಂದುವರಿಸಿದರು.

ಬಟ್ಟೆ ವ್ಯಾಪಾರಿಗಳಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಛಾವಣಿಯ ನೆರಳಿನಲ್ಲಿ ಬಟ್ಟೆಯ ಕುಂದು ಬೇಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ತಿಳಿದ ಗಿರಾಕಿಗಳು ಇಂದಿಗೂ ಬಟ್ಟೆಯನ್ನು ಅಂಗಡಿಯ ಹೊರಗೆ ಬೆಳಕಿಗೆ ಹಿಡಿದು ನೋಡುತ್ತಾರೆ. ಒಮ್ಮೆ ಇಮಾಮರು ತಮ್ಮ ಪಾಲುದಾರ ಹಫ್ಸ್ ಬಿನ್ ಅಬ್ದುರ‍್ರಹ್ಮಾನರಿಗೆ ಮಾಲು ಕಳುಹಿಸಿದರು. ಅದರಲ್ಲಿ ಒಂದು ಬಟ್ಟೆಗೆ ದೋಷವಿತ್ತು. ಮಾರುವಾಗ ಅದನ್ನು ಗಿರಾಕಿಗೆ ತೋರಿಸಿಯೇ ಮಾರಬೇಕೆಂದು ಮೊದಲೇ ಹೇಳಿದ್ದರು. ಹಫ್ಸ್ ಮರೆತರು. ಮಾಲು ಮಾರಿಹೋಯಿತು, ಕೊಂಡವರು ಯಾರೆಂಬುದೂ ನೆನಪಿಲ್ಲ. ವಿಷಯ ತಿಳಿದ ಇಮಾಮರು ಆ ಒಂದು ಬಟ್ಟೆಯ ಬೆಲೆಯನ್ನಲ್ಲ, ಆ ಇಡೀ ಮಾಲಿನಿಂದ ಬಂದ ಹಣವನ್ನು ದಾನ ಮಾಡಿಬಿಟ್ಟರು. ಯಾವ ನಾಣ್ಯ ಆ ಬಟ್ಟೆಯದು ಎಂದು ಬೇರ್ಪಡಿಸುವುದು ಹೇಗೆ? ಬಂಡವಾಳ ಹೋಯಿತು. ನೀವು ಅಂಗಡಿ ನಡೆಸುವವರಾದರೆ ಒಂದು ಖೇಪಿನ ಮಾಲು ಪೂರ್ತಿ ಹೋಗುವುದೆಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಿನ ಒಬ್ಬ ಮಹಿಳೆ ರೇಷ್ಮೆಯ ಉಡುಪೊಂದನ್ನು ಮಾರಲು ತಂದರು. ಬೆಲೆ ನೂರು ದಿರ್ಹಮ್ ಎಂದರು. ಇಮಾಮರು ಅದು ಸಾಲದೆಂದರು. ಆಕೆ ನೂರು ನೂರಾಗಿ ಏರಿಸುತ್ತಾ ನಾನೂರಕ್ಕೆ ಬಂದರು. ಅದಕ್ಕಿಂತಲೂ ಹೆಚ್ಚು ಬೆಲೆಯದೆಂದು ಇಮಾಮರು ಹೇಳಿದಾಗ, ಇವರು ತನ್ನನ್ನು ಗೇಲಿ ಮಾಡುತ್ತಿದ್ದಾರೆಂದು ಆಕೆಗೆ ಅನ್ನಿಸಿತು. ಬೆಲೆ ತಿಳಿದವರೊಬ್ಬರನ್ನು ಕರೆತರಲು ಹೇಳಿ, ಕೊನೆಗೆ ಐನೂರು ದಿರ್ಹಮ್ ಕೊಟ್ಟು ಕೊಂಡರು. ಗಮನಿಸಿ, ಇಲ್ಲಿ ಇಮಾಮರು ಕೊಳ್ಳುವವರು. ಎದುರಿನವರ ಅಜ್ಞಾನ ನಾನೂರು ದಿರ್ಹಮಿನ ಲಾಭವಾಗಿ ತಾನಾಗಿಯೇ ಕೈಗೆ ಬರುತ್ತಿತ್ತು. ಯಾರೂ ಅದನ್ನು ಮೋಸವೆಂದು ಕರೆಯುತ್ತಿರಲಿಲ್ಲ.

ಬಡ ಮುದುಕಿಯ ಪ್ರಸಂಗವನ್ನು ನೀವು ಕೇಳಿರಬಹುದು. ತಾನು ಅಶಕ್ತಳು, ಬಟ್ಟೆಯನ್ನು ಅಸಲಿಗೇ ಕೊಡಬೇಕೆಂದು ಆಕೆ ಬೇಡಿಕೊಂಡಳು. ಇಮಾಮರು ನಾಲ್ಕು ದಿರ್ಹಮ್ ಕೇಳಿದರು. ಆಕೆಗೂ ಇದು ತಮಾಷೆಯೆನಿಸಿತು. ಆಗ ಅವರು ಲೆಕ್ಕ ಒಪ್ಪಿಸಿದರು: ಎರಡು ಬಟ್ಟೆಗಳನ್ನು ಒಟ್ಟಿಗೆ ಕೊಂಡದ್ದು, ಒಂದನ್ನು ಮಾರಿದಾಗ ನಾಲ್ಕು ದಿರ್ಹಮ್ ಬಿಟ್ಟು ಉಳಿದ ಅಸಲೆಲ್ಲ ಬಂದದ್ದು, ಈಗ ಇದರ ಅಸಲು ಆ ನಾಲ್ಕೇ ದಿರ್ಹಮ್. ಈ ಕತೆಯನ್ನು ಸಾಮಾನ್ಯವಾಗಿ ಅವರ ದಯೆಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಗಿರಾಕಿಯ ಮುಂದೆ ಅಸಲಿನ ಲೆಕ್ಕ ಬಿಚ್ಚಿಡಲು ಅವರಿಗೆ ಯಾವ ಅಂಜಿಕೆಯೂ ಇರಲಿಲ್ಲವೆಂಬುದು.

ಕರ್ಮಶಾಸ್ತ್ರದಲ್ಲಿ ವ್ಯಾಪಾರದ ಅಧ್ಯಾಯಗಳನ್ನು ಓದುವಾಗ ಈ ಅಂಗಡಿ ನೆನಪಾಗುತ್ತದೆ. ಅಸಲು ಬೆಲೆ ಹೇಳಿ ಅದರ ಮೇಲೆ ಇಷ್ಟು ಲಾಭವೆಂದು ಮಾರುವುದಕ್ಕೆ ಮುರಾಬಹಾ ಎನ್ನುತ್ತಾರೆ. ಅಸಲನ್ನು ಸುಳ್ಳು ಹೇಳಿದ್ದು ಬಯಲಾದರೆ ಗಿರಾಕಿ ಮಾಲನ್ನು ಹಿಂದಿರುಗಿಸಬಹುದು. ನೋಡದೆ ಕೊಂಡ ವಸ್ತುವನ್ನು ನೋಡಿದ ಮೇಲೆ ಬೇಡವೆನ್ನುವ ಹಕ್ಕನ್ನು ಹನಫೀ ಮದ್‌ಹಬ್ ಕೊಡುತ್ತದೆ. ಕೊಳ್ಳುವಾಗಲೇ ಷರತ್ತು ಹಾಕಿಕೊಂಡರೆ ಮೂರು ದಿನಗಳೊಳಗೆ ವ್ಯಾಪಾರವನ್ನು ಮುರಿಯಬಹುದು. ಅವಧಿ ಖಚಿತವಾಗಿದ್ದರೆ ಹೆಚ್ಚು ದಿನವೂ ಆಗಬಹುದೆಂದು ಅವರ ಶಿಷ್ಯರಿಬ್ಬರು ಹೇಳಿದರೂ ಇಮಾಮರು ಮೂರರಲ್ಲೇ ನಿಂತರು. ಗಿರಾಕಿಗೆ ಯೋಚಿಸಲು ಸಮಯ ಬೇಕು, ಆದರೆ ವ್ಯಾಪಾರಿಯ ಮಾಲೂ ಸಿಕ್ಕಿಹಾಕಿಕೊಳ್ಳಬಾರದಲ್ಲ! ಗಲ್ಲೆಯ ಮುಂದೆ ಕುಳಿತು ಬಲ್ಲವರ ತೀರ್ಮಾನದಂತೆ ಇದು ತೋರುತ್ತದೆ. ಕೊಳ್ಳುವ ಮನಸ್ಸಿಲ್ಲದವನನ್ನು ಗಿರಾಕಿಯಂತೆ ನಿಲ್ಲಿಸಿ ಬೆಲೆ ಏರಿಸುವ ನಜಶ್ ಎಂಬ ತಂತ್ರವನ್ನಂತೂ ಪ್ರವಾದಿವರ್ಯರು(ಸ) ಹಿಂದೆಯೇ ನಿಷೇಧಿಸಿದ್ದರು. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ಒದ್ದೆ ಧಾನ್ಯ ಜನರಿಗೆ ಕಾಣುವಂತೆ ಮೇಲಿರಬೇಕಿತ್ತಲ್ಲವೇ ಎಂದು ಕೇಳಿದವರೂ ಅವರೇ.

ಆ ಕಾಲದಲ್ಲಿ ಬಸ್ರಾದಲ್ಲಿಯೂ ಇಂತಹದೇ ಒಬ್ಬ ವ್ಯಾಪಾರಿಯಿದ್ದರು: ಯೂನುಸ್ ಬಿನ್ ಉಬೈದ್(ರ). ಅವರ ಆಳು ಗಿರಾಕಿಯ ಮುಂದೆ ರೇಷ್ಮೆ ಬಟ್ಟೆಯನ್ನು ಬಿಚ್ಚುತ್ತಾ, ಅಲ್ಲಾಹನು ತಮಗೆ ಸ್ವರ್ಗ ಕರುಣಿಸಲಿ ಎಂದು ಪ್ರಾರ್ಥಿಸಿಬಿಟ್ಟ. ಯೂನುಸ್ ಬಟ್ಟೆಯನ್ನು ಮಡಚಿಸಿದರು, ಮಾರಲಿಲ್ಲ. ಪ್ರಾರ್ಥನೆಯ ನೆಪದಲ್ಲಿ ಮಾಲಿನ ಹೊಗಳಿಕೆಯಾಯಿತೆಂದು ಅವರಿಗೆ ಅನ್ನಿಸಿತು. ಅಂಗಡಿಯ ಹಲಗೆಯ ಮೇಲೆ ಧರ್ಮದ ಮಾತು ಬರೆಸಿ ಗಿರಾಕಿಗಳನ್ನು ಸೆಳೆಯುವವರು ಈ ಪ್ರಸಂಗವನ್ನು ಎರಡು ಬಾರಿ ಓದಬೇಕು.

ಹಾಗಾದರೆ ಇಮಾಮರ ಅಂಗಡಿಗೆ ಜನ ಬಂದದ್ದು ಏಕೆ? ಪ್ರಾಮಾಣಿಕತೆಯನ್ನು ಅವರು ಗಿರಾಕಿ ಹಿಡಿಯುವ ಬಲೆಯಾಗಿ ಬಳಸಲಿಲ್ಲ. ಹಾಗೆ ಬಳಸುವವರು ಮಾಲಿನ ಹಣವನ್ನೆಲ್ಲ ದಾನ ಮಾಡುವುದಿಲ್ಲ. ಆದರೂ ಬೆಲೆ ತಿಳಿಯದವರೂ, ದೋಷ ಗುರುತಿಸಲಾರದವರೂ ನಿರ್ಭಯವಾಗಿ ಹೋಗಬಹುದಾದ ಅಂಗಡಿ ಅದಾಗಿತ್ತು. ಎಲ್ಲ ಪೇಟೆಗಳಲ್ಲೂ ಅಂತಹ ಗಿರಾಕಿಗಳೇ ಹೆಚ್ಚು. ಬಟ್ಟೆ ಕೊಳ್ಳುವವರು ಮಾತ್ರವಲ್ಲ, ತಮ್ಮ ಹಣವನ್ನು ಅಮಾನತ್ತಾಗಿ ಇಡುವವರೂ ಅವರ ಬಳಿಗೆ ಬಂದರು.

ವರ್ಷವರ್ಷದ ಲಾಭವನ್ನು ಕೂಡಿಟ್ಟು ವಿದ್ವಾಂಸರ ಅನ್ನ, ಬಟ್ಟೆ, ಅಗತ್ಯಗಳಿಗೆ ವ್ಯಯಿಸುತ್ತಿದ್ದರು. ಅಧಿಕಾರಸ್ಥರ ಕೊಡುಗೆಗೆ ಕೈಚಾಚುವ ಅಗತ್ಯ ಅವರಿಗೆ ಬೀಳಲಿಲ್ಲ. ಖಲೀಫಾ ಮನ್ಸೂರ್ ನ್ಯಾಯಾಧೀಶನ ಹುದ್ದೆ ಕೊಟ್ಟಾಗ ನಿರಾಕರಿಸಿ ಸೆರೆಮನೆ ಸೇರಿದರು. ಹಿಜ್ರಿ 150ರಲ್ಲಿ, ಕ್ರಿ.ಶ. 767ರಲ್ಲಿ, ಬಗ್ದಾದಿನಲ್ಲಿ ನಿಧನ ಹೊಂದಿದರು.

ಅವರ ಶಿಷ್ಯರಲ್ಲಿ ಕಡುಬಡವರ ಮನೆಯ ಹುಡುಗನೊಬ್ಬನಿದ್ದ. ಮನೆಯವರು ಓದು ಬಿಡಿಸಿ ದುಡಿಯಲು ಕಳುಹಿಸಲು ಹೊರಟಾಗ, ಇಮಾಮರು ಅವನ ಕೈಗೆ ಹಣದ ಚೀಲ ಕೊಟ್ಟು, ಮುಗಿದೊಡನೆ ತಿಳಿಸುವಂತೆ ಹೇಳಿದರು. ಅವನು ಹೇಳುವ ಮೊದಲೇ ಮತ್ತೊಂದು ಚೀಲ ತಲುಪುತ್ತಿತ್ತು. ಆ ಹುಡುಗನೇ ಅಬೂ ಯೂಸುಫ್(ರ). ಮುಂದೆ ಹಾರೂನ್ ರಶೀದನ ಆಡಳಿತದಲ್ಲಿ ಮುಖ್ಯ ನ್ಯಾಯಾಧೀಶರಾಗಿ, ಪ್ರಜೆಗಳಿಂದ ತೆರಿಗೆಯನ್ನು ಎಷ್ಟು, ಹೇಗೆ ಪಡೆಯಬೇಕೆಂದು ಖಲೀಫನಿಗೆ ತಿಳಿಹೇಳುವ ಗ್ರಂಥ ಬರೆದವರು ಅವರೇ. ಅವರ ಓದಿನ ಖರ್ಚು ಹುಟ್ಟಿದ್ದು ಕೂಫಾದ ಆ ಅಂಗಡಿಯಲ್ಲಿ.