ಟಾಲ್‌ಸ್ಟಾಯನ ಕಥೆಯೂ ಅವನ ಮನೆಯೂ

ರುಶ್ಯ ದೇಶದಲ್ಲಿ ಲಿಯೋ ಟಾಲ್‌ಸ್ಟಾಯನೆಂಬ ಹೆಸರುವಾಸಿಯಾದ ಲೇಖಕನಿದ್ದನು. ವಿವಾಹವನ್ನೂ ಮರಣವನ್ನೂ ಕುರಿತು ಅವನು ಬರೆದ ಕಥೆಗಳನ್ನು ಅನೇಕ ದೇಶಗಳವರು ಇಂದಿಗೂ ಓದುತ್ತಾರೆ. ಅವನ ಸ್ವಂತ ಮನೆಯ ಸಂಗತಿಯನ್ನು ಈ ಸಾರಿ ತಿಳಿಸುತ್ತೇವೆ.

ಟಾಲ್‌ಸ್ಟಾಯನು 1828ನೆಯ ಇಸವಿಯಲ್ಲಿ ಯಾಸ್ನಾಯಾ ಪೊಲ್ಯಾನಾ ಎಂಬ ಸ್ಥಳದಲ್ಲಿ ದೊಡ್ಡ ಜಮೀನುದಾರರ ಮನೆಯಲ್ಲಿ ಹುಟ್ಟಿದನು. ಎರಡು ವರುಷ ತುಂಬುವ ಮೊದಲೇ ತಾಯಿ ತೀರಿಹೋದಳು. ಎಂಟನೆಯ ವಯಸ್ಸಿನಲ್ಲಿ ತಂದೆಯೂ ತೀರಿಹೋದನು. 1860ರಲ್ಲಿ ಅಣ್ಣನಾದ ನಿಕೊಲಾಯನು ಕ್ಷಯರೋಗದಿಂದ ಸತ್ತಾಗ ಇವನು ಹತ್ತಿರದಲ್ಲಿಯೇ ಇದ್ದನು. ಮರಣದ ಭಯವು ಬಹುಕಾಲ ಅವನನ್ನು ಕಾಡುತ್ತಿತ್ತು.

1862ರಲ್ಲಿ ಸೋಫಿಯಾ ಎಂಬ ಹದಿನೆಂಟು ವರುಷದ ಕನ್ಯೆಯನ್ನು ಮದುವೆಯಾದನು. ಆಗ ಅವನಿಗೆ ಮೂವತ್ತನಾಲ್ಕು ವರುಷ. ಏನನ್ನೂ ಮರೆಮಾಡಬಾರದೆಂದೆಣಿಸಿ, ತನ್ನ ಹಿಂದಿನ ದುರ್ನಡತೆಯನ್ನು ಬರೆದಿಟ್ಟಿದ್ದ ದಿನಚರಿಯನ್ನು ಮದುವೆಗೆ ಮುಂಚೆಯೇ ಆಕೆಯ ಕೈಗೆ ಕೊಟ್ಟನು. ಆ ಗಾಯವು ಆಕೆಯ ಮನಸ್ಸಿನಲ್ಲಿ ಮಾಯಲೇ ಇಲ್ಲ. ಆದರೂ ಆಕೆ 13 ಮಕ್ಕಳನ್ನು ಹೆತ್ತು, ಅವರಲ್ಲಿ ಐವರನ್ನು ಎಳೆತನದಲ್ಲಿಯೇ ಮಣ್ಣಿಗೆ ಒಪ್ಪಿಸಿದಳು. ಗಂಡನ ತೊಡಕಾದ ಕೈಬರಹವನ್ನು ಮತ್ತೆ ಮತ್ತೆ ಶುದ್ಧವಾಗಿ ಬರೆದುಕೊಟ್ಟಳು.

1886ರಲ್ಲಿ ಇವಾನ್ ಇಲ್ಯಿಚನೆಂಬ ನ್ಯಾಯಾಧಿಕಾರಿಯ ಮರಣದ ಕಥೆ ಪ್ರಕಟವಾಯಿತು. ಆ ಅಧಿಕಾರಿಯು ಗೌರವದಿಂದ ಬಾಳಿದವನು. ಆದರೆ ಗಂಡಹೆಂಡಿರಲ್ಲಿ ಪ್ರೀತಿಯಿರಲಿಲ್ಲ. ರೋಗದಲ್ಲಿ ಬಿದ್ದಾಗ ಎಲ್ಲರೂ ವಾಸಿಯಾಗುವುದೆಂದು ಸುಳ್ಳು ಹೇಳುತ್ತಾರೆ. ಗೆರಾಸಿಮನೆಂಬ ಹಳ್ಳಿಯ ಆಳು ಮಾತ್ರ ಸುಳ್ಳಾಡದೆ ಅವನ ಕಾಲುಗಳನ್ನು ಎತ್ತಿ ಹಿಡಿದು ನೋವನ್ನು ಕಡಿಮೆ ಮಾಡುತ್ತಾನೆ. ಕಡೆಯ ಗಳಿಗೆಯಲ್ಲಿ ಅಳುತ್ತಿರುವ ಮಗನನ್ನೂ ಹೆಂಡತಿಯನ್ನೂ ಕಂಡು ರೋಗಿಗೆ ಕನಿಕರ ಹುಟ್ಟುತ್ತದೆ. ಕ್ಷಮೆ ಬೇಡಲು ಯತ್ನಿಸುತ್ತಾನೆ. ನಾಲಿಗೆ ತೊದಲಿ ಬೇರೆ ಮಾತು ಬರುತ್ತದೆ. ಆದರೂ ಮರಣಭಯವು ಅವನನ್ನು ಬಿಟ್ಟುಹೋಗುತ್ತದೆ.

ತರುವಾಯ 1889ರಲ್ಲಿ, ಮತ್ಸರದಿಂದ ಹೆಂಡತಿಯನ್ನು ಕೊಂದವನೊಬ್ಬನ ಕಥೆಯನ್ನು ಬರೆದು ಮುಗಿಸಿದನು. ಜನರು ಇದರಲ್ಲಿ ಲೇಖಕನ ಸಂಸಾರವನ್ನೇ ಕಂಡರೆಂದು ಸೋಫಿಯಾ ಬಹಳವಾಗಿ ನೊಂದಳು. ಹೀಗಿದ್ದರೂ ಸರಕಾರವು ಆ ಕಥೆಯನ್ನು ತಡೆದಾಗ, 1891ರಲ್ಲಿ ತಾನೇ ಚಕ್ರವರ್ತಿಯ ಬಳಿಗೆ ಹೋಗಿ ಅಚ್ಚಿಗೆ ಅಪ್ಪಣೆ ಪಡೆದು ಬಂದಳು.

ಆಸ್ತಿಯನ್ನೂ ಗ್ರಂಥಗಳ ಲಾಭವನ್ನೂ ಬಿಟ್ಟುಬಿಡಬೇಕೆಂಬುದು ಗಂಡನ ಛಲ; ಮಕ್ಕಳ ಗತಿಯೇನೆಂಬುದು ಹೆಂಡತಿಯ ಚಿಂತೆ. ಈ ಜಗಳವು ವರುಷದಿಂದ ವರುಷಕ್ಕೆ ಬೆಳೆಯಿತು. 1910ರಲ್ಲಿ, ಎಂಭತ್ತೆರಡನೆಯ ವಯಸ್ಸಿನಲ್ಲಿ, ಅವನು ಬೆಳಗಾಗುವ ಮುಂಚೆ ಆಕೆಗೆ ಹೇಳದೆ ಮನೆಬಿಟ್ಟು ಹೊರಟನು. ದಾರಿಯಲ್ಲಿ ಶ್ವಾಸಕೋಶದ ಜ್ವರ ಹತ್ತಿ, ಅಸ್ತಾಪೊವೊ ಎಂಬ ರೈಲು ನಿಲ್ದಾಣದ ಅಧಿಕಾರಿಯ ಮನೆಯಲ್ಲಿ ಮಲಗಿದನು. ಸೋಫಿಯಾ ಪ್ರತ್ಯೇಕ ರೈಲಿನಲ್ಲಿ ಓಡಿಬಂದಳು. ರೋಗಿಯ ಮನಸ್ಸು ಕಲಕೀತೆಂದು ಹತ್ತಿರದವರು ಒಳಗೆ ಬಿಡಲಿಲ್ಲ. ಆಕೆ ಹೊರಗೆ ನಿಂತು ಕಿಟಕಿಯಲ್ಲಿ ಇಣಿಕಿ ನೋಡಿದಳು. ಅವನಿಗೆ ಎಚ್ಚರ ತಪ್ಪಿದ ಮೇಲೆಯೇ ಒಳಗೆ ಬರಗೊಟ್ಟರು. ನಲವತ್ತೆಂಟು ವರುಷದ ಸಂಸಾರವು ಹೀಗೆ ಮುಗಿಯಿತು.

ತಪ್ಪು ಯಾರದೆಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಕ್ಷಮೆಯ ಮಾತನ್ನು ಕಡೆಯ ಗಳಿಗೆಗೆ ಇಟ್ಟುಕೊಂಡರೆ ನಾಲಿಗೆ ತೊದಲೀತೆಂದು ಅವನೇ ಬರೆದಿದ್ದನು. ಅವನಿಗಾದರೋ ತೊದಲುವ ಅವಕಾಶವೂ ದೊರೆಯಲಿಲ್ಲ. ಪ್ರಿಯರೇ, ನಮ್ಮ ಮನೆಗಳಲ್ಲಿ ಆಡದೆ ಉಳಿದಿರುವ ಅಂಥ ಮಾತನ್ನು, ಇಬ್ಬರಿಗೂ ಎಚ್ಚರವಿರುವಾಗಲೇ, ಈ ಸಂಜೆಯ ದೀಪದ ಮುಂದೆ ಆಡಿಬಿಡೋಣ.